ನಿಮ್ಮ ಗ್ರಾಂ ಲೆಕ್ಕ ನಮ್ಮ ಪೇಂಟ್ ಡಬ್ಬಕ್ಕೆ ಯಾವಾಗ ಇಳಿಯುತ್ತೆ ಸಾರ್?

ಪಶು ಆಹಾರದ ಮೇಲೆ ಸಂಶೋಧನೆ ಮಾಡೋ ಎಲ್ಲಾ ಸಾರ್‌ಗಳಿಗೆ, ಮೇಡಂಗಳಿಗೆ, ಆ ಸಂಶೋಧನೇನ ಹಳ್ಳಿಗೆ ಮುಟ್ಟಿಸೋ ಜವಾಬ್ದಾರಿ ಇರೋ ಪಶುಸಂಗೋಪನೆ ಇಲಾಖೆಯ ದೊಡ್ಡವರಿಗೆ, ಗುಬ್ಬಿ ತಾಲ್ಲೂಕಿನಿಂದ ಡೈರಿಗೆ ಹಾಲು ಹಾಕೋ ಒಬ್ಬ ಹೆಂಗಸಿನ ನಮಸ್ಕಾರ.

ಇದು ಬೈಯೋಕೆ ಬರೆದ ಪತ್ರ ಅಲ್ಲ. ಹಾಲಿನ ರೇಟು, ಪ್ರೋತ್ಸಾಹ ಧನದ ಬಾಕಿ, ಹಿಂಡಿ ಬೆಲೆ ಇದ್ರ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದಾರೆ, ಬರೀಲಿ, ನ್ಯಾಯವೇ. ನಾನು ಬರೀತಿರೋದು ಹಸು ಬಾಯಿಗೆ ಏನು ಹೋಗುತ್ತೆ, ಎಷ್ಟು ಹೋಗುತ್ತೆ ಅನ್ನೋದರ ಬಗ್ಗೆ ಮಾತ್ರ. ನಮ್ಮನೇಲಿ ನಾಲ್ಕು ಸೀಮೆಹಸು ಒಂದು ಎಮ್ಮೆ ಇದೆ, ನೋಡ್ಕೊಳ್ಳೋದು ನಾನು ನಮ್ಮತ್ತೆ. ಮನೆಯವರು ತೋಟ ನೋಡ್ಕೋತಾರೆ, ಹಾಲು ದುಡ್ಡಿನ ಲೆಕ್ಕಾನೂ ಅವರೇ ನೋಡ್ಕೋತಾರೆ (ಅದು ಬೇರೆ ಪತ್ರದ ವಿಷಯ). ನಾನು ಬಿಎಸ್ಸಿ ಓದಿದೀನಿ, ಕೆಮಿಸ್ಟ್ರಿ ಇತ್ತು, ಮದುವೆ ಆದ್ಮೇಲೆ ಆ ಕೆಮಿಸ್ಟ್ರಿ ಉಪಯೋಗಕ್ಕೆ ಬಂದಿದ್ದು ಫೀಡ್ಸ್ ಚೀಲದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರೋದನ್ನ ಓದೋಕೆ ಮಾತ್ರ.

ಮೊದಲು ಡಬ್ಬದ ಕಥೆ ಕೇಳಿ. ಕೊಟ್ಟಿಗೇಲಿ ಅಳತೆಗೆ ಅಂತ ಒಂದು ಡಬ್ಬ ಇದೆ, ಮನೆಗೆ ಬಣ್ಣ ಹೊಡೆಸಿದಾಗ ಉಳಿದಿದ್ದ 4 ಲೀಟರಿನ ಪೇಂಟ್ ಡಬ್ಬ, ಹಿಡಿ ಕಿತ್ತೋಗಿ ಅತ್ತೆ ಅದಕ್ಕೆ ಸೆಣಬಿನ ಹುರಿ ಕಟ್ಟಿದಾರೆ. ಬೆಳಗ್ಗೆ ಒಂದು ಡಬ್ಬ ಸಂಜೆ ಒಂದು ಡಬ್ಬ, ಅರ್ಧ ಬೂಸ ಅರ್ಧ ಫೀಡ್ಸು, ನೀರಲ್ಲಿ ಕಲಸಿ ಇಡೋದು. ನೀವು ಬರೆದ ಕೈಪಿಡೀಲಿ ಏನಿದೆ, ಹಸು ತನ್ನ ಮೈ ಕಾಪಾಡ್ಕೊಳ್ಳೋಕೆ ಒಂದೂವರೆ ಕೆಜಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಅಂದ್ರೆ 10 ಲೀಟರ್ ಕೊಡೋ ಹಸುಗೆ ಐದೂವರೆ ಕೆಜಿ. ಒಂದು ಡಬ್ಬ ಏನಿಲ್ಲ ಅಂದ್ರೂ ಮೂರು ಕೆಜಿ ಹಿಡಿಯುತ್ತೆ, ಎರಡು ಡಬ್ಬಕ್ಕೆ ಆರು ಕೆಜಿ, ಜಾಸ್ತಿನೇ ಹಾಕ್ತಿದೀವಿ ಅಂತ ನಾವು ಆರಾಮಾಗಿದ್ವಿ. ಹೀಗೇ ಒಂಬತ್ತು ವರ್ಷ.

ಹೋದ ವರ್ಷ ನಮ್ಮ ಭಾವ ತೆಂಗಿನಕಾಯಿ ಕೊಬ್ಬರಿ ತೂಗೋಕೆ ಅಂತ ಒಂದು ನೇತು ಹಾಕೋ ತಕ್ಕಡಿ ತಂದ್ರು. ಸುಮ್ನೆ ಒಂದಿನ ಡಬ್ಬ ತೂಗಿದೆ. ತುಂಬಾ ಫೀಡ್ಸ್ ಹಾಕಿದ್ರೆ ಎರಡೂವರೆ ಕೆಜಿ ಬಂತು. ಗೋಧಿ ಬೂಸ ಹಾಕಿ ತೂಗಿದೆ, ಒಂದು ಕೆಜಿ ನೂರು ಗ್ರಾಂ! ತಕ್ಕಡಿ ಕೆಟ್ಟಿದೆ ಅಂತ ಇನ್ನೊಂದ್ಸಲ ತೂಗಿದೆ, ಅತ್ತೆ ಬಂದು ಅವರೂ ತೂಗಿದ್ರು, ಅಷ್ಟೇ. ಅರ್ಧ ಅರ್ಧ ಕಲಸಿದ್ರೆ ಡಬ್ಬಕ್ಕೆ ಹತ್ರ ಹತ್ರ 1.8 ಕೆಜಿ, ದಿನಕ್ಕೆ ಎರಡು ಡಬ್ಬ ಅಂದ್ರೆ 3.6. ಐದೂವರೆ ಹೋಗಬೇಕಾದ ಜಾಗಕ್ಕೆ ಹೆಚ್ಚು ಕಮ್ಮಿ ಎರಡು ಕೆಜಿ ಕಮ್ಮಿ ಹೋಗ್ತಿತ್ತು, ಪ್ರತಿ ದಿನ, ಪ್ರತಿ ಹಸುಗೆ. ಹಸು ಯಾಕೆ ಮೂಳೆ ಬಿಟ್ಕೊಂಡಿದೆ, ಯಾಕೆ ಎರಡು ಮೂರು ಸಲ ಸೂಜಿ ಹಾಕ್ಸಿದ್ರೂ ಗಬ್ಬ ಕಟ್ಟಲ್ಲ ಅಂತ ನಾವು ದೇವರಿಗೆ ಹರಕೆ ಹೊತ್ಕೊಂಡಿದ್ವಿ. ಅತ್ತೆ ಆವತ್ತು ಏನೂ ಮಾತಾಡ್ಲಿಲ್ಲ, ಸಂಜೆ ಮಾತ್ರ ಡಬ್ಬಕ್ಕೆ ಗೋಪುರ ಬರೋ ಹಂಗೆ ತುಂಬಿದ್ರು.

ಸಾರ್, ನಿಮ್ಮ ವಿಜ್ಞಾನ ತಪ್ಪು ಅಂತ ಒಂದು ದಿನಾನೂ ಅನ್ಸಿಲ್ಲ ನನಗೆ. ನಿಮ್ಮ ವಿಜ್ಞಾನ ಕೆಜಿ, ಗ್ರಾಂ, ಒಣ ಪದಾರ್ಥ, ಕಚ್ಚಾ ಪ್ರೋಟೀನ್ ಅಂತ ಮಾತಾಡುತ್ತೆ, ಕೊಟ್ಟಿಗೇಲಿ ಕೈ ಹಾಕೋರು ಡಬ್ಬ, ಸೇರು, ಹೊರೆ, ಹಿಡಿ ಅಂತ ಮಾತಾಡ್ತಾರೆ, ಇವೆರಡರ ಮಧ್ಯೆ ಯಾರೂ ನಿಂತಿಲ್ಲ. ಒಂದು ತಕ್ಕಡಿ ಎರಡು ನಿಮಿಷದಲ್ಲಿ ಹೇಳಿದ ವಿಷ್ಯಾನ ಒಂಬತ್ತು ವರ್ಷ ಯಾವ ಪಾಂಪ್ಲೆಟ್ಟೂ ಹೇಳ್ಲಿಲ್ಲ, ಅಷ್ಟೇ ನನ್ನ ದೂರು.

ಈಗ ಗೌರಿ ವಿಷಯ. ಗೌರಿ ನಮ್ಮ ದೊಡ್ಡ ಹಸು, ಹೋದ ಸಲ ಅದು ಮೂರನೇ ಕರು ಹಾಕೋ ಹೊತ್ತಿನ ಮಾತು ಇದು. ಗಬ್ಬದ ಹಸುಗೆ ಕೊನೇ ಎರಡು ತಿಂಗಳು ಕ್ಯಾಲ್ಸಿಯಂ ಕುಡಿಸಿ, ಈದ್ಮೇಲೆ ಬಿದ್ದೋಗಲ್ಲ ಅಂತ ಒಂದು ಅಂಗಡಿಯವರು ಹೇಳಿ ಐದು ಲೀಟರಿನ ಕ್ಯಾನ್ ಕೊಟ್ರು, ನಾನೂ ನಂಬಿ ದಿನಾ ಬಿಡದೆ ಕುಡಿಸ್ದೆ. ರಾತ್ರಿ ಕರು ಹಾಕ್ತು, ಹೆಣ್ಣು ಕರು, ಎಲ್ಲರಿಗೂ ಖುಷಿ. ಬೆಳಗ್ಗೆ ಹೋಗಿ ನೋಡಿದ್ರೆ ಗೌರಿ ಏಳ್ತಿಲ್ಲ. ಕುತ್ತಿಗೆ ತಿರುಗಿಸಿ ಹೊಟ್ಟೆ ಮೇಲೆ ಇಟ್ಕೊಂಡು ಮಲಗಿತ್ತು, ಕಿವಿ ಮುಟ್ಟಿದ್ರೆ ಮಡಕೆ ನೀರು ಮುಟ್ಟಿದಂಗೆ ತಣ್ಣಗೆ, ಮೂತಿ ಒಣಗಿತ್ತು. ಡಾಕ್ಟ್ರು ಬಂದು ಒಂದು ಕೈಯಲ್ಲಿ ಬಾಟ್ಲು ಎತ್ತಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಎದೆ ಬಡಿತ ಕೇಳ್ತಾ ನಿಧಾನಕ್ಕೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಬಿಟ್ರು, ಬೇಗ ಬಿಟ್ರೆ ಹೃದಯ ನಿಂತೋಗುತ್ತಂತೆ. ಬಾಟ್ಲು ಖಾಲಿ ಆಗೋ ಹೊತ್ತಿಗೆ ಗೌರಿ ಒಂದ್ಸಲ ತೇಗ್ತು, ಸಗಣಿ ಹಾಕ್ತು, ಮುಕ್ಕಾಲು ಗಂಟೇಲಿ ಎದ್ದು ನಿಂತು ಕರು ನೆಕ್ಕೋಕೆ ಶುರು ಮಾಡ್ತು. ಅದನ್ನ ನೋಡಿದವರಿಗೆ ವಿಜ್ಞಾನದ ಮೇಲೆ ನಂಬಿಕೆ ಬರದೆ ಇರಲ್ಲ.

ಆಮೇಲೆ ಡಾಕ್ಟ್ರು ಕಾಫಿ ಕುಡೀತಾ ಏನೇನು ಹಾಕ್ತಿದ್ರಿ ಅಂತ ಕೇಳಿದ್ರು. ನಾನು ಹೆಮ್ಮೆಯಿಂದ ಕ್ಯಾನ್ ತೋರಿಸ್ದೆ. ಅವರು ನಕ್ಕು, ಅದಕ್ಕೇ ಮಲಗಿದ್ದು ನೋಡಮ್ಮ ಅಂದ್ರು. ಹಸು ಮೂಳೇಲಿ ಬೇಕಾದಷ್ಟು ಕ್ಯಾಲ್ಸಿಯಂ ಇರುತ್ತೆ, ಈದ ತಕ್ಷಣ ಗಿಣ್ಣು ಹಾಲಿಗೆ ಒಂದೇ ಸಲ ಜಾಸ್ತಿ ಬೇಕಾದಾಗ ಅದನ್ನ ಮೂಳೆಯಿಂದ ಎಳ್ಕೊಳ್ಳೋ ವ್ಯವಸ್ಥೆ ಮೈಯಲ್ಲೇ ಇದೆ. ಆದ್ರೆ ಹಾಲು ಬತ್ತಿಸಿದ ಎರಡು ತಿಂಗಳೂ ಬಾಯಿಗೇ ಬಂದು ಬೀಳ್ತಾ ಇದ್ರೆ ಆ ವ್ಯವಸ್ಥೆ ನಿದ್ದೆ ಹೋಗಿರುತ್ತೆ, ಕೂತಲ್ಲಿಗೇ ಊಟ ಬರ್ತಿದ್ರೆ ದುಡಿಯೋಕೆ ಯಾರು ಏಳ್ತಾರೆ ಹೇಳಿ. ಅದು ಎದ್ದು ಕಣ್ಣುಜ್ಜಿಕೊಳ್ಳೋ ಹೊತ್ತಿಗೆ ಹಸು ನೆಲ ಹಿಡಿದಿರುತ್ತೆ. ಇದಕ್ಕೆ ಇನ್ನೊಂದು ಮುಖಾನೂ ಇದೆ, ಮೇವಲ್ಲಿ ಪೊಟ್ಯಾಶಿಯಂ ಜಾಸ್ತಿ ಇದ್ರೂ ಹಿಂಗೇ ಆಗುತ್ತೆ. ಕೊಟ್ಟಿಗೆ ಗಂಜಲ ತೊಳೆದ ನೀರು ಪೂರಾ ನಾವು ನೇಪಿಯರ್ ಹುಲ್ಲಿಗೆ ಬಿಡ್ತೀವಿ, ಆ ಹುಲ್ಲು ಪೊಟ್ಯಾಶಿಯಂ ಕುಡಿದು ಕೊಬ್ಬಿರುತ್ತೆ, ಅದನ್ನೇ ತುಂಬು ಗಬ್ಬದ ಹಸುಗೆ ಹೊಟ್ಟೆ ಬಿರಿಯೋ ಹಂಗೆ ಹಾಕ್ತೀವಿ. ಈಯೋದಕ್ಕೆ ಮೊದಲಿನ ಮೂರು ವಾರ ಮೇವಿನ ಲವಣದ ಲೆಕ್ಕ ಬದಲಾಯಿಸಿದ್ರೆ ಹಾಲು ಜ್ವರ (ಗೌರಿಗೆ ಬಂದಿದ್ದು ಇದೇ ಕಾಯಿಲೆ) ತಡೀಬಹುದು ಅಂತ ನಾರ್ವೆ ದೇಶದವರು 1970ರ ದಶಕದಲ್ಲೇ ತೋರಿಸಿದ್ರಂತೆ, ಆಮೇಲೆ ಎಷ್ಟೋ ದೇಶದಲ್ಲಿ ಅದು ನಿಜ ಅಂತ ಆಗಿದೆ. ಐವತ್ತು ವರ್ಷ ಆಯ್ತು. ನನಗೆ ಗೊತ್ತಾಗಿದ್ದು ಹಸು ಬಿದ್ದ ದಿನ, ಕಾಫಿ ಲೋಟ ಕೈಯಲ್ಲಿದ್ದಾಗ.

ಇಲ್ಲಿ ಒಂದು ಗೊಂದಲ ನೋಡಿ. ಗೋಡೆ ಮೇಲೆ ಅಂಟಿಸಿರೋ ಚಾರ್ಟಲ್ಲಿ ಹಸುಗೆ ದಿನಾ 50 ಗ್ರಾಂ ಖನಿಜ ಮಿಶ್ರಣ ಕೊಡಿ ಅಂತಿದೆ. ಸರಿ, ಹಾಲು ಕೊಡೋ ಹಸುಗೆ ಅದು ಬೇಕೇ ಬೇಕು. ಗಬ್ಬದ ಹಸುಗೆ ಕೊನೇ ದಿನಗಳಲ್ಲಿ ಅದೇ ಮಿಶ್ರಣನಾ, ಬೇರೇದಾ, ಎಷ್ಟು? ಚಾರ್ಟಲ್ಲಿ ಹಸು ಚಿತ್ರ ಇದೆ, ಅದು ಗಬ್ಬನೋ ಬರಡೋ ಗೊತ್ತಿಲ್ಲ. ಬೆಂಗಳೂರಿನ ಆಡುಗೋಡೀಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ, 1995ರಲ್ಲಿ ಶುರುವಾಗಿದ್ದು, ನಮ್ಮೂರಿಂದ ಬಸ್ಸಲ್ಲಿ ಅರ್ಧ ದಿನದ ದಾರಿ. ಯಾವ ಭಾಗದ ಮಣ್ಣು ಮೇವಲ್ಲಿ ಯಾವ ಖನಿಜ ಕಮ್ಮಿ ಅಂತ ಹುಡುಕಿ ಆಯಾ ಪ್ರದೇಶಕ್ಕೆ ಬೇರೆ ಬೇರೆ ಮಿಶ್ರಣ ಮಾಡೋ ಕೆಲಸಾನ ಅವರು ಮಾಡಿದಾರೆ, ಬಂಗಾರದಂಥ ಕೆಲಸ. ಯಾಕಂದ್ರೆ ನಮ್ಮ ಕಡೆ ರಾಗಿ ಹುಲ್ಲು, ಮಂಡ್ಯ ಗಂಗಾವತಿ ಕಡೆ ಬತ್ತದ ಹುಲ್ಲು. ರಾಗಿ ಹುಲ್ಲಲ್ಲಿ ಕ್ಯಾಲ್ಸಿಯಂ ಚೆನ್ನಾಗಿರುತ್ತೆ, ಬತ್ತದ ಹುಲ್ಲಲ್ಲಿ ಇರೋ ಚೂರುಪಾರೂ ಆಕ್ಸಲೇಟ್ ಹಿಡ್ಕೊಂಡು ಹಸುಗೆ ಸಿಗದಂಗೆ ಮಾಡುತ್ತೆ. ಎರಡೂ ಊರಿನ ಹಸುಗೆ ಒಂದೇ ಪ್ಯಾಕೆಟ್ ಹೆಂಗೆ ಸರಿ ಹೋಗುತ್ತೆ? ಆದ್ರೆ ಅಂಗಡೀಲಿ ನಮಗೆ ಸಿಗೋದು ಒಂದೇ ಪ್ಯಾಕೆಟ್, ನಮ್ಮ ತಾಲ್ಲೂಕಿಗೆ ಯಾವ ಮಿಶ್ರಣ ಅಂತ ಕೇಳಿದ್ರೆ ಅಂಗಡಿಯವರು ನನ್ನನ್ನೇ ವಿಚಿತ್ರವಾಗಿ ನೋಡ್ತಾರೆ. ನಮ್ಮ ಇನ್ನೊಂದು ಹಸು ಹಗ್ಗದ ಮೇಲೆ ಒಣಹಾಕಿದ ಲಂಗ ಅರ್ಧ ಅಗಿದು ಹಾಕಿತ್ತು, ತುಂಟ ಹಸು ಅಂತ ಬೈತಿದ್ವಿ, ರಂಜಕ ಕಮ್ಮಿ ಆದ್ರೂ ಹಂಗೆ ಮಾಡುತ್ತೆ ಅಂತ ಆಮೇಲೆ ಓದಿದೆ. ಪಾಪ, ಅದು ಅದರ ಭಾಷೇಲಿ ಕೇಳ್ತಿತ್ತು.

ಫ್ಯಾಟ್ ವಿಷಯಕ್ಕೆ ಬರ್ತೀನಿ, ಅದು ದಿನಾ ಸುಡೋ ವಿಷಯ. ಮೈದುನನ ಮಗನ ನಾಮಕರಣ ಆಯ್ತು, ಅನ್ನ ಉಳೀತು, ಹಾಳು ಮಾಡೋದ್ಯಾಕೆ ಅಂತ ಕಲಗಚ್ಚಿಗೆ ಸುರಿದು ಎರಡು ದಿನ ಹಸುಗಳಿಗೆ ಇಟ್ವಿ. ಮೂರನೇ ದಿನ ಡೈರೀಲಿ ಫ್ಯಾಟ್ 2.9. ಅಲ್ಲಿ ನಿಂತಿದ್ದೋರೆಲ್ಲರ ಮುಂದೆ ನೀರು ಹಾಕಿದ್ಯೇನಮ್ಮ ಅಂತ ಕೇಳಿಸ್ಕೊಂಡೆ. ನೀರು ಹಾಕಿರಲಿಲ್ಲ, ಅನ್ನ ಹಾಕಿದ್ದೆ. ಹಸು ಹೊಟ್ಟೇಲಿರೋ ಸೂಕ್ಷ್ಮಜೀವಿಗಳು ನಾರು ಕೊಳೆಸಿದಾಗ ಅಸಿಟಿಕ್ ಆಸಿಡ್ ಬರುತ್ತೆ, ಹಾಲಿನ ಕೊಬ್ಬಿಗೆ ಅದೇ ಮೂಲ ಸಾಮಾನು. ಹುಲ್ಲು ಕಮ್ಮಿ ಮಾಡಿ ಅನ್ನ, ಹಿಟ್ಟು ಸುರಿದ್ರೆ ಹೊಟ್ಟೆ ಹುಳಿಯಾಗುತ್ತೆ, ಮೆಲುಕು ನಿಲ್ಲುತ್ತೆ, ಸಗಣಿ ತೆಳ್ಳಗಾಗುತ್ತೆ, ಫ್ಯಾಟ್ ಬೀಳುತ್ತೆ. ನಮ್ಮತ್ತೆ ಓದಿಲ್ಲ, ಆದ್ರೆ ಹಸು ಮೆಲುಕು ಹಾಕದೆ ಕೂತಿದ್ರೆ ಅವರಿಗೆ ರಾತ್ರಿ ನಿದ್ದೆ ಬರಲ್ಲ, ನಾಮಕರಣದ ಅನ್ನ ಬೇಡ ಅಂತ ಅವರು ಹೇಳಿದ್ರು ಕೂಡ, ಕೇಳದೆ ಸುರಿದಿದ್ದು ಬಿಎಸ್ಸಿ ಓದಿದ ನಾನು. ಎರಡು ದಿನ ಬರೀ ರಾಗಿ ಹುಲ್ಲು, ಜೊತೆಗೆ ಡಾಕ್ಟ್ರು ಹೇಳಿದಷ್ಟು ಅಡುಗೆ ಸೋಡ, ಆಮೇಲೆ ಸರಿ ಹೋಯ್ತು. ನಾನು ಕೇಳೋದು ಇಷ್ಟು, ಡೈರೀಲಿ ದಿನಾ ಎರಡು ಹೊತ್ತು ಫ್ಯಾಟ್ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಗಟ್ಟಿ ಅಂಶ) ಅಳೀತಾರಲ್ಲ, 3.5 ಬರ್ಬೇಕು 8.5 ಬರ್ಬೇಕು ಅಂತ ದುಡ್ಡು ಹಿಡೀತಾರಲ್ಲ, ಆ ನಂಬರ್ ಹಸು ಹೊಟ್ಟೇಲಿ ಏನು ನಡೀತಿದೆ ಅಂತಾನೂ ಹೇಳುತ್ತೆ. ಫ್ಯಾಟ್ ಬಿದ್ರೆ ಮೊದಲು ಹುಲ್ಲು ನೋಡಿ, ಎಸ್‌ಎನ್‌ಎಫ್ ಬಿದ್ರೆ ಹಸುಗೆ ಒಟ್ಟು ಊಟ ಸಾಲ್ತಿದೆಯಾ ನೋಡಿ ಅಂತ ಎರಡು ಸಾಲು ಆ ಸ್ಲಿಪ್ಪಿನ ಹಿಂದೆ ಪ್ರಿಂಟ್ ಮಾಡಿಸೋಕೆ ಎಷ್ಟು ಖರ್ಚಾಗುತ್ತೆ?

ಇನ್ನು ಅಜೋಲ್ಲಾ, ನೀರ ಮೇಲೆ ತೇಲಿ ಬೆಳೆಯೋ ಸಣ್ಣ ಹಸಿರು ಗಿಡ. ಬೇಜಾರು ಮಾಡ್ಕೋಬೇಡಿ. ಅಜೋಲ್ಲಾ ಹಾಕಿ ಹಿಂಡಿ ಖರ್ಚು ಉಳಿಸಿ ಅಂತ ಮೀಟಿಂಗಲ್ಲಿ ಹೇಳಿದ್ರು, ನಾವೂ ಗುಂಡಿ ತೆಗೆದು ಟಾರ್ಪಾಲ್ ಹಾಸಿ ಬೆಳೆಸಿದ್ವಿ, ದಿನಾ ಸೋಸಿ ತೊಳೆದು ಎರಡು ಕೆಜಿ ಹಾಕ್ತಿದ್ದೆ, ಬೇಸಿಗೇಲಿ ಆ ಗುಂಡಿಗೆ ನೀರು ಹೊತ್ತಿದ್ದು ನಾನೇ. ಅದರ ಪ್ರೋಟೀನ್ 20ರಿಂದ 25 ಪರ್ಸೆಂಟ್ ಅನ್ನೋದು ನಿಜ, ಆದ್ರೆ ಅದು ಒಣಗಿಸಿದ ಮೇಲಿನ ಲೆಕ್ಕ. ಹಸಿ ಅಜೋಲ್ಲಾ ನೂರಕ್ಕೆ ಹತ್ರ ಹತ್ರ 94 ಭಾಗ ನೀರು. ಎರಡು ಕೆಜಿ ಒಣಗಿಸಿದ್ರೆ ನೂರಿಪ್ಪತ್ತು ಗ್ರಾಂ ಉಳಿಯುತ್ತೆ, ಅದರಲ್ಲಿ ಪ್ರೋಟೀನ್ ಮೂವತ್ತು ಗ್ರಾಂ ದಾಟಲ್ಲ. ಅಷ್ಟು ಪ್ರೋಟೀನ್ ಒಂದು ಹಿಡಿ ಕಡ್ಲೆಕಾಯಿ ಹಿಂಡೀಲಿ ಇದೆ ಸಾರ್. ನಾನು ಅಷ್ಟು ನೀರು ಹೊತ್ತಿದ್ದು ಒಂದು ಹಿಡಿ ಹಿಂಡಿಗೆ. ನೀರು, ಜಾಗ, ಕೈಯಾಳು ಇರೋರು ಬೆಳೀಲಿ, ಕೋಳಿಗೆ ಹಾಕ್ಲಿ, ಬೇಡ ಅನ್ನಲ್ಲ. ಹೇಳುವಾಗ ಪೂರ್ತಿ ಲೆಕ್ಕ ಹೇಳಿ.

ಯೂರಿಯಾ ಹುಲ್ಲಿನದೂ ಅದೇ ಕಥೆ. ನೂರು ಕೆಜಿ ಒಣಹುಲ್ಲಿಗೆ ನಾಲ್ಕು ಕೆಜಿ ಯೂರಿಯಾ ನೀರಲ್ಲಿ ಕರಗಿಸಿ ಚಿಮುಕಿಸಿ ಗಾಳಿ ಆಡದಂಗೆ ಮೂರು ವಾರ ಮುಚ್ಚಿಟ್ರೆ ಹುಲ್ಲು ಮೆತ್ತಗಾಗುತ್ತೆ, ಜೀರ್ಣ ಜಾಸ್ತಿ ಆಗುತ್ತೆ, ಸಂಶೋಧನೇಲಿ ಇದು ಪಕ್ಕಾ. 80, 90ರ ದಶಕದಲ್ಲಿ ಊರೂರಲ್ಲಿ ಮಾಡಿ ತೋರಿಸಿದಾರೆ. ಇವತ್ತು ನಮ್ಮ ಹೋಬಳೀಲಿ ಒಬ್ಬರೂ ಮಾಡಲ್ಲ. ರೈತರಿಗೆ ತಿಳುವಳಿಕೆ ಇಲ್ಲ ಅಂತ ಬರೆದು ಮುಗಿಸಬೇಡಿ ದಯವಿಟ್ಟು. ನೀರು ಹೊರೋರು ಯಾರು, ಟಾರ್ಪಾಲ್‌ಗೆ ದುಡ್ಡು ಎಲ್ಲಿ, ತೆಗೆದ ತಕ್ಷಣ ಆ ಘಾಟಿಗೆ ಕಣ್ಣಲ್ಲಿ ನೀರು ಬರುತ್ತೆ, ಅಷ್ಟೆಲ್ಲಾ ಮಾಡಿದ್ರೆ ಹಾಲು ಜಾಸ್ತಿ ಆಗೋದು ಎಷ್ಟು? ನಮ್ಮ ಜನ ಲೆಕ್ಕ ಹಾಕಿಯೇ ಬಿಟ್ಟಿದ್ದು. ಯಾವುದು ಹಳ್ಳೀಲಿ ನಡೀಲಿಲ್ಲ, ಯಾಕೆ ನಡೀಲಿಲ್ಲ ಅನ್ನೋದೂ ಒಂದು ಸಂಶೋಧನೆ ಅಲ್ವಾ ಮೇಡಂ?

ಬೂಷ್ಟಿನ ಬಗ್ಗೆ ಮಾತ್ರ ಗಟ್ಟಿಯಾಗಿ ಕೂಗಿ ಹೇಳಿ, ಅದರಲ್ಲಿ ಸಂಕೋಚ ಬೇಡ. 1960ರಲ್ಲಿ ಇಂಗ್ಲೆಂಡಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಟರ್ಕಿ ಕೋಳಿ ಸತ್ತು, ಯಾಕೆ ಅಂತ ಹುಡುಕ್ಕೊಂಡು ಹೋದ್ರೆ ಬ್ರೆಜಿಲ್ಲಿಂದ ಬಂದ ಕಡ್ಲೆಕಾಯಿ ಹಿಂಡೀಲಿದ್ದ ಬೂಷ್ಟಿನ ವಿಷ ಸಿಕ್ತು, ಅಫ್ಲಾಟಾಕ್ಸಿನ್ ಅನ್ನೋ ಹೆಸರು ಬಂದಿದ್ದೇ ಆಗ. ಹಸು ಕೋಳಿ ಥರ ತಕ್ಷಣ ಸಾಯಲ್ಲ, ತಡ್ಕೊಳ್ಳುತ್ತೆ, ಆದ್ರೆ ಆ ವಿಷದ ಒಂದು ಪಾಲು ರೂಪ ಬದಲಾಯಿಸ್ಕೊಂಡು ಹಾಲಿಗೆ ಬರುತ್ತೆ. ಕಾಯಿಸಿದ್ರೂ ಹೋಗಲ್ಲ. ಮಳೆಗಾಲದಲ್ಲಿ ಚೀಲ ನೆಲಕ್ಕೆ ತಾಗಿ ತಳದಲ್ಲಿ ಹಸಿರು ಕಟ್ಟಿದ ಹಿಂಡೀನ ಮನುಷ್ಯರು ತಿನ್ನಬಾರದು ದನಕ್ಕೆ ಹಾಕು ಅಂತ ನಮ್ಮ ಮನೆಗಳಲ್ಲಿ ಹಾಕ್ತಾರೆ, ಅದು ಸುತ್ತಿ ಬಂದು ನಮ್ಮ ಮಕ್ಕಳ ಲೋಟಕ್ಕೇ ಬೀಳುತ್ತೆ. ಚೀಲದ ಕೆಳಗೆ ಎರಡು ಹಲಗೆ ಇಡಿ ಅಂತ ಹೇಳೋಕೆ ಪಿಎಚ್‌ಡಿ ಬೇಕಾಗಿಲ್ಲ.

ಆಡುಗೋಡಿಯವರು ಹರಿತ್ ಧಾರಾ ಅಂತ ಒಂದು ಪುಡಿ ಕಂಡುಹಿಡಿದಿದಾರೆ, ಹಸು ಬಿಡೋ ಮೀಥೇನ್ 17ರಿಂದ 20 ಪರ್ಸೆಂಟ್ ಕಮ್ಮಿ ಆಗುತ್ತೆ ಅಂತ. ಭೂಮಿ ಬಿಸಿ ಆಗ್ತಿದೆ ಅದಕ್ಕೆ ಹಾಕಿ ಅಂದ್ರೆ ನಮ್ಮೂರಲ್ಲಿ ಕಾರು ಬಸ್ಸು ಬಿಟ್ಟು ನಮ್ಮ ಹಸು ತೇಗೇ ಸಿಕ್ತಾ ಇವರಿಗೆ ಅಂತಾರೆ. ಅದೇ ನೀವು, ತಿಂದ ಮೇವಿನ ಶಕ್ತೀಲಿ ಒಂದು ಪಾಲು ತೇಗಲ್ಲಿ ಸುಮ್ನೆ ಗಾಳಿಗೆ ಹೋಗ್ತಿದೆ, ಅದು ನೀವು ದುಡ್ಡು ಕೊಟ್ಟು ತಂದ ಹಿಂಡಿ ಅಂತ ಶುರು ಮಾಡಿ, ನಮ್ಮತ್ತೇನೂ ಎದ್ದು ಕೂತು ಕೇಳ್ತಾರೆ.

ಹೇಳೋದನ್ನ ಯಾರಿಗೆ ಹೇಳ್ತೀರ ಅನ್ನೋದೂ ಮುಖ್ಯ. ತರಬೇತಿ ಬೆಳಗ್ಗೆ ಹತ್ತೂವರೆಗೆ ತಾಲ್ಲೂಕಲ್ಲಿ ಇಡ್ತಾರೆ. ಆ ಹೊತ್ತಲ್ಲಿ ನಾನು ಸಗಣಿ ಬಾಚಿ ಮುಗಿಸಿ ಹುಲ್ಲು ಕುಯ್ಯೋಕೆ ಹೋಗಿರ್ತೀನಿ. ಹೋಗೋರು ಮನೆ ಗಂಡಸರು, ಊಟ ಮಾಡಿ ಒಂದು ಬ್ಯಾಗು ಪೆನ್ನು ಇಸ್ಕೊಂಡು ಬರ್ತಾರೆ, ಏನು ಹೇಳಿದ್ರು ಅಂದ್ರೆ ಎಲ್ಲಾ ಗೊತ್ತಿರೋದೇ ಅಂತಾರೆ. ಹಿಂಡಿ ಕಲಸೋ ಕೈ ಯಾವುದೋ, ಪಾಠ ಕೇಳೋ ಕಿವಿ ಯಾವುದೋ. ಮಧ್ಯಾಹ್ನ ಒಂದರಿಂದ ಮೂರರವರೆಗೆ ನಮ್ಮೂರ ಡೈರಿ ಜಗಲಿಗೆ ಬನ್ನಿ, ಪವರ್‌ಪಾಯಿಂಟ್ ಬೇಡ, ಒಂದು ತಕ್ಕಡಿ ತನ್ನಿ, ಎಲ್ಲರೂ ಅವರವರ ಮನೆ ಡಬ್ಬ ತರ್ತೀವಿ. ಡಬ್ಬದ ಮೇಲೆ ಪೇಂಟಲ್ಲಿ ಗೆರೆ ಎಳೆದುಕೊಡಿ, ಬೂಸಕ್ಕೆ ಇಲ್ಲಿವರೆಗೆ ಫೀಡ್ಸಿಗೆ ಇಲ್ಲಿವರೆಗೆ ಅಂತ. ಕಂಪ್ಯೂಟರಲ್ಲಿ ಲೆಕ್ಕ ಹಾಕಿ ಪ್ರತಿ ಹಸುಗೂ ಕಡಿಮೆ ಖರ್ಚಿನ ಊಟ ಹೇಳೋ ಕಾರ್ಯಕ್ರಮ ರಾಷ್ಟ್ರೀಯ ಡೈರಿ ಯೋಜನೇಲಿ ಇತ್ತು, ಹಳ್ಳಿಯವರನ್ನೇ ಟ್ರೈನ್ ಮಾಡಿ ಮನೆ ಮನೆಗೆ ಕಳಿಸೋದು, ಒಳ್ಳೆ ಯೋಚನೆ. ಆ ಯೋಜನೆಯ ಮೊದಲ ಹಂತ 2019ಕ್ಕೆ ಮುಗೀತು. ಯೋಜನೆ ಮುಗೀತು ಅಂತ ಹಸು ಹಸಿವು ಮುಗಿಯಲ್ಲ.

1927ರಲ್ಲಿ ಗಾಂಧೀಜಿ ಬೆಂಗಳೂರಲ್ಲಿ ಆರೋಗ್ಯ ಸುಧಾರಿಸಿಕೊಳ್ತಾ ಇದ್ದಾಗ ಅದೇ ಆಡುಗೋಡಿಯ ಹೊಸೂರು ರಸ್ತೆಯಲ್ಲಿದ್ದ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ಕೆಲವು ದಿನ ಹಸು ಸಾಕೋ ಪಾಠ ಕಲಿತ್ರಂತೆ. ಅಂಥವರೇ ಕಲಿಯೋಕೆ ಹೋದ ಜಾಗ ಅದು, ನಾವು ಬರಲ್ಲ ಅನ್ನೋಕೆ ಯಾರು. ಬರ್ತೀವಿ, ಆದ್ರೆ ಐದು ಜೀವ ಕಟ್ಟಿಹಾಕಿ ಬರೋಕಾಗಲ್ಲ, ಸಂಜೆ ಹಾಲು ಕರೆಯೋಕೆ ವಾಪಸ್ ಬರ್ಬೇಕು. ಅದಕ್ಕೇ ನಮ್ಮ ಬದಲು ನಮ್ಮ ಹುಲ್ಲು ಕಳಿಸ್ತೀವಿ ಅಂತ ಕೇಳ್ತಿರೋದು. 2015ರಿಂದ ಮಣ್ಣಿಗೆ ಆರೋಗ್ಯ ಕಾರ್ಡ್ ಕೊಡ್ತಿದೀರ, ಮಣ್ಣು ಕೊಟ್ರೆ ಪರೀಕ್ಷೆ ಮಾಡಿ ಏನು ಕಮ್ಮಿ ಇದೆ ಅಂತ ಬರೆದುಕೊಡ್ತಾರೆ. ಅದೇ ಮಣ್ಣಲ್ಲಿ ಬೆಳೆದ ಮೇವಿಗೂ ಅಂಥದ್ದೊಂದು ಕಾರ್ಡ್ ಕೊಡಿ, ಕನ್ನಡದಲ್ಲಿ, ಒಂದೇ ಪುಟ, ಕೊನೇಲಿ ದಿನಕ್ಕೆ ಎಷ್ಟು ಡಬ್ಬ ಅಂತ.

ಗೌರಿ ಮತ್ತೆ ಆರು ತಿಂಗಳ ಗಬ್ಬ. ಈ ಸಲ ಕ್ಯಾನ್ ತಂದಿಲ್ಲ. ಒಂದು ಕೆಜಿ ರಾಗಿ ಹುಲ್ಲು ಸಣ್ಣಗೆ ಕತ್ತರಿಸಿ ಒಂದು ಕವರು, ನೇಪಿಯರ್ ನೆರಳಲ್ಲಿ ಒಣಗಿಸಿ ಇನ್ನೊಂದು ಕವರು ಕಟ್ಟಿಟ್ಟಿದೀನಿ, ಮೇಲೆ ಕುಯ್ದ ತಾರೀಕು ಬರ್ದಿದೀನಿ. ಬಸ್ಸಲ್ಲಿ ಹಾಕಿ ಕಳಿಸ್ತೀನಿ, ಖರ್ಚು ನಂದೇ. ಯಾವ ವಿಳಾಸ ಬರೀಲಿ ಅಂತ ಮಾತ್ರ ಹೇಳಿ.

ಇಂತಿ,
ನಾಲ್ಕು ಹಸು ಒಂದು ಎಮ್ಮೆಯ ಹಾಲು ಉತ್ಪಾದಕಿ,
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ